ರೂಪಾಯಿ ಪಕ್ಕದಲ್ಲಿ ಲೀಟರ್, ಯೂನಿಟ್, ಕಿಲೋ: ನಿಮ್ಮ ಲೆಕ್ಕದ ಸಾಫ್ಟ್‌ವೇರ್‌ನಿಂದಲೇ ಕಾರ್ಖಾನೆಯ ಕಾರ್ಬನ್ ಇಳಿಸುವುದು ಹೇಗೆ

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿ, ಬೆಳಗಾವಿ, ಎಲ್ಲಿಯ ಸಣ್ಣ ಕಾರ್ಖಾನೆಯವರನ್ನು ಮಾತಾಡಿಸಿದರೂ ಈಗ ಒಂದು ವಿಷಯ ಬಂದೇ ಬರುತ್ತದೆ. ಮಾಲು ತೆಗೆದುಕೊಳ್ಳುವ ದೊಡ್ಡ ಕಂಪನಿಯಿಂದ ಒಂದು ಎಕ್ಸೆಲ್ ಫಾರ್ಮ್ ಬಂದಿದೆ. ವರ್ಷಕ್ಕೆ ಎಷ್ಟು ಡೀಸೆಲ್ ಸುಟ್ಟಿರಿ, ಎಷ್ಟು ಕರೆಂಟ್ ಬಳಸಿದಿರಿ, ಒಂದು ಕಿಲೋ ಮಾಲಿಗೆ ಎಷ್ಟು ಕಾರ್ಬನ್ (ಅಂದರೆ ಕಾರ್ಬನ್ ಡೈಆಕ್ಸೈಡ್) ಅಂತ ಕೇಳಿದ್ದಾರೆ. ಏನು ತುಂಬಿಸಬೇಕೋ ಗೊತ್ತಾಗದೆ ಫಾರ್ಮ್ ಮೇಲ್‌ನಲ್ಲೇ ಉಳಿದಿದೆ.

ಈ ಫಾರ್ಮ್ ಸುಮ್ನೆ ಬಂದಿಲ್ಲ. ಷೇರುಪೇಟೆಯಲ್ಲಿರುವ ದೊಡ್ಡ 1000 ಕಂಪನಿಗಳು 2022-23ರ ಆರ್ಥಿಕ ವರ್ಷದಿಂದ ತಮ್ಮ ಪರಿಸರದ ಲೆಕ್ಕ ಕೊಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಅದಕ್ಕೆ ಬಿಆರ್‌ಎಸ್‌ಆರ್ ಅನ್ನುತ್ತಾರೆ. ಆ ಕಂಪನಿಗಳ ಲೆಕ್ಕದಲ್ಲಿ ನಮ್ಮಂಥ ಸಪ್ಲೈಯರ್‌ಗಳ ಪಾಲು ದೊಡ್ಡದು, ಹಾಗಾಗಿ ನಮ್ಮನ್ನು ಕೇಳುತ್ತಾರೆ. ಯುರೋಪಿಗೆ ಉಕ್ಕಿನ ಬೋಲ್ಟು, ನಟ್ಟು ಅಥವಾ ಅಲ್ಯೂಮಿನಿಯಂ ಭಾಗ ಕಳಿಸುವವರಿಗೆ ಇನ್ನೊಂದು ಕಾರಣವೂ ಇದೆ. ಅಲ್ಲಿ ಸಿಬಿಎಎಂ ಅನ್ನುವ ಗಡಿ ಕಾರ್ಬನ್ ಶುಲ್ಕ 2023ರ ಅಕ್ಟೋಬರ್‌ನಲ್ಲಿ ವರದಿ ಕೊಡುವ ಮಟ್ಟದಲ್ಲಿ ಶುರುವಾಗಿ, 2026ರ ಜನವರಿ 1ರಿಂದ ಪೂರ್ತಿ ಜಾರಿಗೆ ಬಂದಿದೆ.

ಫಾರ್ಮ್ ಬಂದ ತಕ್ಷಣ ಕೆಲವರು ಕಾರ್ಬನ್ ಸಾಫ್ಟ್‌ವೇರ್ ಮಾರುವವರಿಗೆ ಫೋನ್ ಮಾಡುತ್ತಾರೆ. ಸ್ವಲ್ಪ ತಡೆಯಿರಿ. ನಿಮಗೆ ಬೇಕಾದ ಮಾಹಿತಿಯಲ್ಲಿ ಬಹುಪಾಲು ಈಗಾಗಲೇ ನಿಮ್ಮ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ, ಅಂದರೆ ಟ್ಯಾಲಿಯಲ್ಲೋ ಇಆರ್‌ಪಿನೆಕ್ಸ್ಟ್‌ನಲ್ಲೋ ಹಾದು ಹೋಗಿದೆ. ತೊಂದರೆ ಏನೆಂದರೆ ಅದು ಬರೀ ರೂಪಾಯಿಯಾಗಿ ಹೋಗಿದೆ, ಎಷ್ಟು ಲೀಟರ್, ಎಷ್ಟು ಯೂನಿಟ್, ಎಷ್ಟು ಕಿಲೋ ಅನ್ನುವುದು ಬಿಲ್ಲಿನ ಕಾಗದದಲ್ಲೇ ಉಳಿದು ಫೈಲ್ ಸೇರಿದೆ. ಅದನ್ನು ಸರಿಮಾಡಿಕೊಂಡರೆ ಫಾರ್ಮ್ ತುಂಬುವುದಷ್ಟೇ ಅಲ್ಲ, ಎಲ್ಲಿ ಸೋರುತ್ತಿದೆ ಅನ್ನುವುದೂ ಕಾಣುತ್ತದೆ. ನನಗೆ ಮುಖ್ಯ ಅನ್ನಿಸುವುದು ಈ ಎರಡನೆಯದು. ವರದಿ ಬರೆದ ಮಾತ್ರಕ್ಕೆ ಗಾಳಿಗೆ ಹೋಗುವ ಕಾರ್ಬನ್ ಒಂದು ಗ್ರಾಂ ಕೂಡ ಇಳಿಯುವುದಿಲ್ಲ ಅಲ್ವಾ?

ಇಲ್ಲಿ ನಾನು ಬರೆಯುತ್ತಿರುವುದು ಲೋಹದ ಕೆಲಸ ಮಾಡುವ ಸಣ್ಣ ಕಾರ್ಖಾನೆಯನ್ನು ಕಣ್ಣ ಮುಂದೆ ಇಟ್ಟುಕೊಂಡು. ಲೇತ್, ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್), ಒಂದು ಗಾಳಿ ಕಂಪ್ರೆಸರ್, ಒಂದು ಜನರೇಟರ್, ಓಡಾಡಲು ಒಂದು ಟೆಂಪೋ. ಗಾರ್ಮೆಂಟ್ಸ್ ಅಥವಾ ಪ್ಲಾಸ್ಟಿಕ್ ಕೆಲಸದವರು ಕಬ್ಬಿಣದ ಜಾಗದಲ್ಲಿ ತಮ್ಮ ಮಾಲು ಇಟ್ಟುಕೊಂಡು ಓದಿ.

ಮೊದಲು ಮೂರು ಗುಂಪು ಮಾಡಿಕೊಳ್ಳಿ

ಹಸಿರುಮನೆ ಅನಿಲದ ಲೆಕ್ಕಕ್ಕೆ ಲೋಕವೆಲ್ಲ ಬಳಸುವ ಜಿಎಚ್‌ಜಿ ಪ್ರೋಟೋಕಾಲ್ ಪ್ರಕಾರ ಲೆಕ್ಕ ಮೂರು ಭಾಗ. ನಿಮ್ಮ ಆವರಣದಲ್ಲಿ, ನಿಮ್ಮ ಗಾಡಿಯಲ್ಲಿ ನೀವೇ ಸುಟ್ಟದ್ದು ಸ್ಕೋಪ್ 1: ಡೀಸೆಲ್, ಪೆಟ್ರೋಲ್, ಗ್ಯಾಸ್. ಹೊರಗಿನಿಂದ ಕೊಂಡ ಕರೆಂಟ್ ಸ್ಕೋಪ್ 2. ಉಳಿದದ್ದೆಲ್ಲ ಸ್ಕೋಪ್ 3: ಕೊಂಡ ಉಕ್ಕು, ಬೇರೆಯವರ ಲಾರಿ, ಜಾಬ್ ವರ್ಕ್‌ಗೆ ಕೊಟ್ಟದ್ದು, ಕೆಲಸಗಾರರ ಓಡಾಟ. ಮೂರನೆಯದರಲ್ಲಿ ಒಂದೇ ಸಲ ಎಲ್ಲವನ್ನೂ ಹಿಡಿಯಲು ಹೋಗಬೇಡಿ. ಕೊಂಡ ಲೋಹ ಮತ್ತು ಸಾಗಣೆ, ಈ ಎರಡು ಸಾಕು ಮೊದಲ ವರ್ಷಕ್ಕೆ.

ಡೀಸೆಲ್, ಕರೆಂಟ್, ಗ್ಯಾಸ್: ಎಂಟ್ರಿ ಹಾಕುವ ರೀತಿ ಬದಲಿಸಿ

ನಿಮ್ಮ ಲೆಡ್ಜರ್ ತೆಗೆದು ನೋಡಿ. ‘ವಿದ್ಯುತ್ ವೆಚ್ಚ’, ‘ಡೀಸೆಲ್ ವೆಚ್ಚ’ ಅಂತ ಇರುತ್ತದೆ, ಒಳಗೆ ಬರೀ ಮೊತ್ತ. ಇದಕ್ಕೆ ಕಾರಣ ಇದೆ. ಡೀಸೆಲ್‌ಗೂ ಕರೆಂಟಿಗೂ ಜಿಎಸ್‌ಟಿ ಕ್ರೆಡಿಟ್ ಸಿಗುವುದಿಲ್ಲ, ಆದ್ದರಿಂದ ಬಿಲ್ಲಿನ ವಿವರ ಹಾಕುವ ಗೋಜಿಗೆ ಅಕೌಂಟೆಂಟ್ ಹೋಗುವುದಿಲ್ಲ, ಒಟ್ಟು ಮೊತ್ತ ಹಾಕಿ ಮುಂದಿನ ಬಿಲ್ಲಿಗೆ ಹೋಗುತ್ತಾರೆ. ಅವರದು ತಪ್ಪಲ್ಲ. ಇದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ.

ಟ್ಯಾಲಿಯಲ್ಲಿ ಸುಲಭದ ದಾರಿ ಹೀಗಿದೆ. ‘ಇಂಧನ’ ಅಂತ ಒಂದು ಸ್ಟಾಕ್ ಗ್ರೂಪ್ ಮಾಡಿ. ಅದರ ಕೆಳಗೆ ಡೀಸೆಲ್ (ಲೀಟರ್), ಗ್ಯಾಸ್ (ಕಿಲೋ), ಕರೆಂಟ್ (ಯೂನಿಟ್) ಅಂತ ಮೂರು ಸ್ಟಾಕ್ ಐಟಂ ಮಾಡಿ. ಬಿಲ್ ಬಂದಾಗ ಪರ್ಚೇಸ್ ವೋಚರ್‌ನಲ್ಲಿ ಐಟಂ ಇನ್‌ವಾಯ್ಸ್ ಆಗಿ ಹಾಕಿ, ಆಗ ಪ್ರಮಾಣವೂ ಮೊತ್ತವೂ ಒಟ್ಟಿಗೆ ಒಳಗೆ ಹೋಗುತ್ತದೆ. ಖರ್ಚಾದ್ದನ್ನು ಸ್ಟಾಕ್ ಜರ್ನಲ್‌ನಲ್ಲಿ ಇಳಿಸಿ. ಇದರಿಂದ ಲಾಭನಷ್ಟದ ಪಟ್ಟಿಯಲ್ಲಿ ಖರ್ಚು ಕೂರುವ ಜಾಗ ಬದಲಾಗಬಹುದು, ಹಾಗಾಗಿ ಮಾಡುವ ಮೊದಲು ನಿಮ್ಮ ಆಡಿಟರ್‌ಗೆ ಒಂದು ಮಾತು ಹೇಳಿ. ಅವರು ಬೇಡ ಅಂದರೆ ನರೇಷನ್‌ನಲ್ಲಿ, ಅಂದರೆ ವೋಚರ್ ಕೆಳಗಿನ ಟಿಪ್ಪಣಿಯಲ್ಲಿ, ಪ್ರತಿ ಸಲ ಒಂದೇ ಕ್ರಮದಲ್ಲಿ ಬರೆಸಿ: ಯಾವ ತಿಂಗಳು, ಯಾವ ಮೀಟರ್, ಎಷ್ಟು ಯೂನಿಟ್. ಕ್ರಮ ತಪ್ಪದಿದ್ದರೆ ಅದನ್ನು ಎಕ್ಸೆಲ್‌ಗೆ ಇಳಿಸಿಕೊಂಡು ಕೂಡುವುದು ಕಷ್ಟವಲ್ಲ.

ಇಆರ್‌ಪಿನೆಕ್ಸ್ಟ್ ಅಥವಾ ಅದರಂಥದೇ ಸಾಫ್ಟ್‌ವೇರ್ ಒಡೂ ಬಳಸುವವರಿಗೆ ಇದು ಇನ್ನೂ ಸಲೀಸು. ಪರ್ಚೇಸ್ ಇನ್‌ವಾಯ್ಸ್ ಫಾರ್ಮ್‌ಗೆ ಹೊಸ ಖಾನೆ ಸೇರಿಸಬಹುದು, ಅದನ್ನು ತುಂಬದೆ ಬಿಲ್ ಸೇವ್ ಆಗದ ಹಾಗೆ ಕಡ್ಡಾಯವೂ ಮಾಡಬಹುದು. ಕಡ್ಡಾಯ ಮಾಡಿ. ಇಲ್ಲದಿದ್ದರೆ ಕೆಲಸ ಜಾಸ್ತಿ ಇರುವ ದಿನ ಎಲ್ಲರೂ ಬಿಟ್ಟು ಮುಂದೆ ಹೋಗುತ್ತಾರೆ.

ಕರೆಂಟ್ ಬಿಲ್ಲಿನಲ್ಲಿ ಮೂರು ಕಡೆ ಎಚ್ಚರ ಬೇಕು. ಬೆಸ್ಕಾಂ ಬಿಲ್ ಬಂದ ತಾರೀಕು ಬೇರೆ, ಕರೆಂಟ್ ಬಳಸಿದ ಅವಧಿ ಬೇರೆ. ಮಾರ್ಚಿನಲ್ಲಿ ಬಳಸಿದ್ದು ಏಪ್ರಿಲ್ ಲೆಕ್ಕಕ್ಕೆ ಬಿದ್ದರೆ ಎರಡು ಆರ್ಥಿಕ ವರ್ಷವೂ ಕೆಡುತ್ತದೆ. ಎರಡನೆಯದು, ಎರಡು ಶೆಡ್‌ಗೆ ಎರಡು ಕನೆಕ್ಷನ್ ಇದ್ದರೆ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಕನೆಕ್ಷನ್ ನಂಬರ್) ಪ್ರಕಾರ ಬೇರೆಬೇರೆ ಹಾಕಿ, ಆಮೇಲೆ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಮೂರನೆಯದನ್ನು ತುಂಬ ಜನ ಬಿಡುತ್ತಾರೆ: ಛಾವಣಿ ಮೇಲೆ ಸೋಲಾರ್ ಇದ್ದರೆ, ನೀವೇ ನೇರವಾಗಿ ಬಳಸಿಕೊಂಡ ಯೂನಿಟ್ ಬೆಸ್ಕಾಂ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಇನ್ವರ್ಟರ್ ತೋರಿಸುವ ಉತ್ಪಾದನೆಯಿಂದ ಗ್ರಿಡ್‌ಗೆ ಕೊಟ್ಟದ್ದನ್ನು ಕಳೆದು ಉಳಿದದ್ದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ಅದಕ್ಕೆ ಕಾರ್ಬನ್ ಸೊನ್ನೆ, ಆದರೆ ಒಂದು ಕಿಲೋ ಮಾಲಿಗೆ ಎಷ್ಟು ಕರೆಂಟ್ ಅಂತ ನೋಡುವಾಗ ಅದೂ ಬೇಕು. ಇಲ್ಲದಿದ್ದರೆ ಸೋಲಾರ್ ಹಾಕಿದ ತಿಂಗಳು ಮಿಷನ್‌ಗಳೆಲ್ಲ ಇದ್ದಕ್ಕಿದ್ದಂತೆ ಕಡಿಮೆ ಕರೆಂಟ್ ಕುಡಿದ ಹಾಗೆ ಲೆಕ್ಕ ತೋರಿಸುತ್ತದೆ.

ಡೀಸೆಲ್‌ನಲ್ಲಿ ಜನರೇಟರ್‌ದು ಬೇರೆ, ಟೆಂಪೋದು ಬೇರೆ ಇರಲಿ. ಸಾಫ್ಟ್‌ವೇರ್‌ನಲ್ಲಿ ಕಾಸ್ಟ್ ಸೆಂಟರ್, ಅಂದರೆ ಖರ್ಚನ್ನು ವಿಭಾಗದ ಪ್ರಕಾರ ಬೇರೆ ಮಾಡುವ ಅನುಕೂಲ, ಇರುವುದೇ ಇದಕ್ಕೆ. ಜನರೇಟರ್ ಲಾಗ್ ಬುಕ್‌ನಲ್ಲಿ ಗಂಟೆ ಬರೆಯುವ ಅಭ್ಯಾಸ ಇದ್ದರೆ ಆ ಗಂಟೆಯನ್ನೂ ಸಾಫ್ಟ್‌ವೇರ್‌ಗೆ ಹಾಕಿ. ಗಂಟೆಗೆ ಎಷ್ಟು ಲೀಟರ್ ಅನ್ನುವುದು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಒಂದೋ ಇಂಜಿನ್ ಸರ್ವಿಸ್ ಕೇಳುತ್ತಿದೆ, ಇಲ್ಲವೇ ಸಣ್ಣ ಲೋಡಿಗೆ ದೊಡ್ಡ ಜನರೇಟರ್ ಓಡುತ್ತಿದೆ, ಅಥವಾ ಡೀಸೆಲ್ ಬೇರೆಲ್ಲೋ ಹೋಗುತ್ತಿದೆ.

ಗುಣಾಕಾರ ಮಾಡಿ

ಇದು ಜನ ಅಂದುಕೊಂಡಷ್ಟು ಕಷ್ಟವಿಲ್ಲ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಒಂದು ಕಿಲೋ ಎಲ್‌ಪಿಜಿಗೆ ಸುಮಾರು 3 ಕಿಲೋ, ಅಂದರೆ 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ಒಂದಕ್ಕೆ 57 ಕಿಲೋ. ಗ್ರಿಡ್ ಕರೆಂಟಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಅಂಕಿ ಪ್ರಕಟಿಸುತ್ತದೆ, ಈಚಿನ ವರ್ಷಗಳಲ್ಲಿ ಅದು ಯೂನಿಟ್‌ಗೆ 0.7 ಕಿಲೋ ಆಸುಪಾಸಿನಲ್ಲಿದೆ. ನಿಮ್ಮ ವರ್ಷಕ್ಕೆ ಹೊಂದುವ ಅಂಕಿಯನ್ನು ಅಲ್ಲಿಂದಲೇ ತೆಗೆದುಕೊಳ್ಳಿ.

ಕರ್ನಾಟಕದಲ್ಲಿ ಗಾಳಿ, ಬಿಸಿಲು, ನೀರಿನ ಕರೆಂಟ್ ಇಷ್ಟಿದೆ, ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ಮತ್ತೆ ನಾವ್ಯಾಕೆ ದೇಶದ ಸರಾಸರಿ ಹಾಕಬೇಕು ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆಯೇ. 2013ರ ಕೊನೆಯಲ್ಲಿ ದಕ್ಷಿಣದ ಗ್ರಿಡ್ ಕೂಡ ಉಳಿದ ದೇಶದ ಗ್ರಿಡ್‌ಗೆ ಸೇರಿ ಎಲ್ಲ ಒಂದೇ ಆಯಿತು. ನಿಮ್ಮ ತಂತಿಯಲ್ಲಿ ಬಂದ ಯೂನಿಟ್ ಪಾವಗಡದ್ದೋ ಕಲ್ಲಿದ್ದಲಿನದ್ದೋ ಬೇರೆ ಮಾಡಲು ಬರುವುದಿಲ್ಲ, ಅದಕ್ಕೇ ಪ್ರಾಧಿಕಾರ ಇಡೀ ದೇಶಕ್ಕೆ ಒಂದೇ ಅಂಕಿ ಕೊಡುತ್ತದೆ. ಹಸಿರು ಕರೆಂಟ್ ಅಂತ ಲೆಕ್ಕದಲ್ಲಿ ತೋರಿಸಬೇಕಿದ್ದರೆ ಅದಕ್ಕೆ ಒಪ್ಪಂದದ ಕಾಗದ ಬೇಕು. ಹಸಿರು ಕರೆಂಟನ್ನು ಉತ್ಪಾದಕರಿಂದ ನೇರವಾಗಿ ಕೊಳ್ಳುವುದಕ್ಕೆ ಗ್ರೀನ್ ಓಪನ್ ಆಕ್ಸೆಸ್ ಅನ್ನುತ್ತಾರೆ; ಕೇಂದ್ರದ 2022ರ ನಿಯಮದಲ್ಲಿ ಅದಕ್ಕೆ ಬೇಕಾದ ಕನಿಷ್ಠ ಲೋಡ್ ಅನ್ನು 100 ಕಿಲೋವಾಟ್‌ಗೆ ಇಳಿಸಿದ್ದಾರೆ, ಹಾಗಾಗಿ ಮಧ್ಯಮ ಗಾತ್ರದ ಕಾರ್ಖಾನೆಗಳೂ ವಿಚಾರಿಸಬಹುದು.

ಈ ಅಂಕಿಗಳನ್ನು ಎಕ್ಸೆಲ್‌ನ ಸೂತ್ರದೊಳಗೆ ಹುದುಗಿಸಿಡಬೇಡಿ. ಒಂದು ಚಿಕ್ಕ ಪಟ್ಟಿ ಮಾಡಿ, ಯಾವ ಅಂಕಿ, ಯಾವ ವರ್ಷದ್ದು, ಎಲ್ಲಿಂದ ತಂದದ್ದು ಅಂತ ಬರೆದಿಡಿ. ನಾಳೆ ಗಿರಾಕಿಯ ಕಡೆಯವರು ಬಂದು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಮಷಿನ್ ಶಾಪ್ ತಿಂಗಳಿಗೆ 18,000 ಯೂನಿಟ್ ಕರೆಂಟ್, 400 ಲೀಟರ್ ಡೀಸೆಲ್, 2 ಸಿಲಿಂಡರ್ ಗ್ಯಾಸ್ ಬಳಸುತ್ತದೆ, 22 ಟನ್ ಉಕ್ಕು ಕೊಂಡು 17 ಟನ್ ಮಾಲು ಕಳಿಸುತ್ತದೆ ಅನ್ನಿ. ಕರೆಂಟ್ 12.6 ಟನ್ ಕಾರ್ಬನ್. ಡೀಸೆಲ್ 1.07 ಟನ್. ಗ್ಯಾಸ್ 0.1 ಟನ್ ಚಿಲ್ಲರೆ. ಭಾರತದಲ್ಲಿ ಒಂದು ಟನ್ ಉಕ್ಕು ತಯಾರಾಗಲು ಸರಾಸರಿ 2.5 ಟನ್ ಕಾರ್ಬನ್ ಹೋಗುತ್ತದೆ, ಅಂದರೆ 22 ಟನ್‌ಗೆ 55 ಟನ್.

ಒಟ್ಟು 69 ಟನ್ ಹತ್ತಿರ, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಗೇಟಿನ ಒಳಗೆ ಬರುವ ಮೊದಲೇ ಆಗಿಹೋಗಿದೆ. ಹೊಗೆ ಕಣ್ಣಿಗೆ ಕಾಣುತ್ತದೆ ಅಂತ ನಾವು ಜನರೇಟರ್ ಬಗ್ಗೆ ಮಾತಾಡುತ್ತೇವೆ, ಆದರೆ ಲೆಕ್ಕ ಕೈ ತೋರಿಸುತ್ತಿರುವುದು ಸ್ಕ್ರ್ಯಾಪ್ ಗುಡ್ಡೆಯ ಕಡೆಗೆ.

ಸ್ಕ್ರ್ಯಾಪ್‌ನಲ್ಲಿದೆ ನಿಜವಾದ ಕೆಲಸ

ಆ ಉದಾಹರಣೆಯಲ್ಲಿ ಅದೇ 17 ಟನ್ ಮಾಲನ್ನು 22ರ ಬದಲು 21 ಟನ್ ಉಕ್ಕಿನಲ್ಲಿ ಮಾಡಿದರೆ 2.5 ಟನ್ ಕಾರ್ಬನ್ ಉಳಿಯಿತು. ಡೀಸೆಲ್ಲನ್ನು ಪೂರ್ತಿ ನಿಲ್ಲಿಸಿದರೂ ಉಳಿಯುವುದು ಅದರ ಅರ್ಧಕ್ಕೂ ಕಡಿಮೆ. ಜೊತೆಗೆ ಒಂದು ಟನ್ ಉಕ್ಕಿನ ದುಡ್ಡಿಗೂ, ಅದನ್ನು ಬೋರಿಂಗ್ ಸ್ಕ್ರ್ಯಾಪ್ ಮಾಡಿ ಮಾರಿದಾಗ ಬರುವ ದುಡ್ಡಿಗೂ ಎಷ್ಟು ವ್ಯತ್ಯಾಸ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸ್ಕ್ರ್ಯಾಪ್ ಮತ್ತೆ ಕರಗಿ ಉಕ್ಕಾಗುತ್ತದೆ ನಿಜ, ಆದರೆ ಅದಕ್ಕೂ ಕರೆಂಟ್ ಬೇಕು, ಲಾರಿ ಬೇಕು, ಅದನ್ನು ಕತ್ತರಿಸಿ ಚೂರು ಮಾಡಲು ನಿಮ್ಮ ಮಷಿನ್ ಓಡಿದ ಗಂಟೆಗಳಂತೂ ವಾಪಸ್ ಬರುವುದಿಲ್ಲ.

ಹಾಗಾದರೆ ಸಾಫ್ಟ್‌ವೇರ್‌ನಲ್ಲಿ ಏನು ಮಾಡಬೇಕು? ಪ್ರತಿ ಪಾರ್ಟಿಗೂ ಬಿಓಎಂ ಮಾಡಿ, ಅಂದರೆ ಒಂದು ಪೀಸ್‌ಗೆ ಎಷ್ಟು ಕಚ್ಚಾ ಮಾಲು ಅನ್ನುವ ಪಟ್ಟಿ. ಟ್ಯಾಲಿಯ ಬಿಓಎಂನಲ್ಲಿ ಸ್ಕ್ರ್ಯಾಪ್, ಬೈ-ಪ್ರಾಡಕ್ಟ್ ಅಂತ ಬೇರೆಯಾಗಿ ತೋರಿಸುವ ಅನುಕೂಲ ಇದೆ, ಮ್ಯಾನುಫ್ಯಾಕ್ಚರಿಂಗ್ ಜರ್ನಲ್ ಹಾಕಿದಾಗ ಅದು ತಾನಾಗಿ ಸ್ಟಾಕ್‌ಗೆ ಸೇರುತ್ತದೆ. ಇಆರ್‌ಪಿನೆಕ್ಸ್ಟ್‌ನ ಬಿಓಎಂನಲ್ಲೂ ಸ್ಕ್ರ್ಯಾಪ್‌ಗೆ ಜಾಗ ಇದೆ. ಇದು ‘ಇಷ್ಟಾಗಬೇಕು’ ಅನ್ನುವ ಲೆಕ್ಕ. ‘ಇಷ್ಟಾಯಿತು’ ಅನ್ನುವುದು ಸ್ಟೋರಿನಿಂದ ನಿಜವಾಗಿ ಇಶ್ಯೂ ಆದ ತೂಕದಿಂದ ಮತ್ತು ಸ್ಕ್ರ್ಯಾಪ್ ವ್ಯಾಪಾರಿಯ ತೂಕದ ಚೀಟಿಯಿಂದ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಿಓಎಂನಲ್ಲಿ ಪೀಸ್‌ಗೆ 1.20 ಕಿಲೋ ಅಂತ ಇದ್ದು ಸ್ಟೋರಿನಿಂದ 1.35 ಹೋಗುತ್ತಿದ್ದರೆ ಆ 150 ಗ್ರಾಂ ಎಲ್ಲಿ ಹೋಯಿತು ಅಂತ ಕೇಳುವ ಹಕ್ಕು ನಿಮಗೆ ಬಂತು.

ಉತ್ತರ ಸಾಮಾನ್ಯವಾಗಿ ಮೂರ್ನಾಲ್ಕು ಕಡೆ ಸಿಗುತ್ತದೆ. ಬಾರ್ ತುದಿಯ ತುಂಡುಗಳು: ಪೀಸ್‌ನ ಉದ್ದಕ್ಕೆ ಬಾರ್‌ನ ಉದ್ದ ಸರಿಯಾಗಿ ಭಾಗವಾಗದೆ ಪ್ರತಿ ಬಾರ್‌ನಲ್ಲೂ ಒಂದು ಮೊಳ ಉಳಿಯುತ್ತಿರುತ್ತದೆ. ಸಪ್ಲೈಯರ್ ಹತ್ತಿರ ಬೇರೆ ಉದ್ದ ಕೇಳಿ, ಅಥವಾ ಅದೇ ಡಯಾದ ಸಣ್ಣ ಪಾರ್ಟ್‌ಗೆ ಆ ತುಂಡನ್ನು ಸಾಫ್ಟ್‌ವೇರ್‌ನಲ್ಲಿ ಬೇರೆ ಐಟಂ ಆಗಿ ಸ್ಟಾಕ್‌ಗೆ ತನ್ನಿ. ಸ್ಟಾಕ್‌ನಲ್ಲಿ ಹೆಸರಿಲ್ಲದ ತುಂಡು ಸ್ಕ್ರ್ಯಾಪ್‌ಗೆ ಹೋಗುತ್ತದೆ, ಹೆಸರಿರುವ ತುಂಡು ಕೆಲಸಕ್ಕೆ ಬರುತ್ತದೆ. ಶೀಟ್ ಕೆಲಸದವರು ಲೇಸರ್ ಕಟಿಂಗ್‌ನ ನೆಸ್ಟಿಂಗ್ ವರದಿಯಲ್ಲಿ (ಶೀಟ್ ಮೇಲೆ ಪೀಸ್‌ಗಳನ್ನು ಹೇಗೆ ಜೋಡಿಸಿದೆ ಅನ್ನುವ ವರದಿ) ಶೀಟ್ ಬಳಕೆಯ ಶೇಕಡಾ ನೋಡಿ, ಆ ಅಂಕಿಯನ್ನು ವರ್ಕ್ ಆರ್ಡರ್‌ನಲ್ಲಿ ಬರೆದಿಡಿ.

ಇನ್ನೊಂದು ರಿಜೆಕ್ಷನ್. ರಿಜೆಕ್ಟ್ ಆದ ಪೀಸ್ ಎಷ್ಟು ಅಂತ ಬರೆದರೆ ಸಾಲದು, ಯಾಕೆ ಅಂತ ಒಂದು ಕೋಡ್ ಇರಬೇಕು: ಟೂಲ್ ಸವೆದದ್ದು, ಸೆಟ್ಟಿಂಗ್ ತಪ್ಪು, ಮಾಲೇ ಕೆಟ್ಟದ್ದು, ಡ್ರಾಯಿಂಗ್ ಹಳೆಯದು. ಹತ್ತಕ್ಕಿಂತ ಹೆಚ್ಚು ಕೋಡ್ ಇಡಬೇಡಿ, ಆಪರೇಟರ್‌ಗೆ ಬೇಜಾರಾಗಿ ಎಲ್ಲದಕ್ಕೂ ‘ಇತರೆ’ ಒತ್ತುತ್ತಾರೆ. ಎಲ್ಲಿ ರಿಜೆಕ್ಟ್ ಆಯಿತು ಅನ್ನುವುದೂ ಅಷ್ಟೇ ಮುಖ್ಯ. ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗ್‌ಗೆ ಜಾಬ್ ವರ್ಕ್ ಕಳಿಸಿ ವಾಪಸ್ ಬಂದ ಮೇಲೆ ಅಳತೆ ತಪ್ಪಿದೆ ಅಂತ ಗೊತ್ತಾದರೆ, ಆ ಪೀಸ್ ತನ್ನ ಜೊತೆ ಉಕ್ಕು, ಮಷಿನ್ ಗಂಟೆ, ಕುಲುಮೆಯ ಶಾಖ, ಟೆಂಪೋದ ಎರಡು ಓಡಾಟ ಎಲ್ಲವನ್ನೂ ಹೊತ್ತುಕೊಂಡು ಸ್ಕ್ರ್ಯಾಪ್ ಆಗುತ್ತದೆ. ಹೊರಗೆ ಕಳಿಸುವ ಮೊದಲು ಒಂದು ಇನ್‌ಸ್ಪೆಕ್ಷನ್ ಹಂತ ಇಡಿ. ಇಆರ್‌ಪಿನೆಕ್ಸ್ಟ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಅಂತಲೇ ಇದೆ. ಟ್ಯಾಲಿಯಲ್ಲಾದರೆ ‘ತಪಾಸಣೆ ಆದ ಮಾಲು’ ಅಂತ ಒಂದು ಗೋಡೌನ್ ಮಾಡಿ, ಅಲ್ಲಿಂದ ಮಾತ್ರ ಡಿಸಿ (ಡೆಲಿವರಿ ಚಲನ್) ಆಗಬೇಕು ಅಂತ ನಿಯಮ ಮಾಡಿದರೂ ನಡೆಯುತ್ತದೆ.

ಉಕ್ಕು ಎಲ್ಲಿಂದ ಬಂತು ಅನ್ನುವುದನ್ನೂ ಹಿಡಿದಿಡಿ. ಮಾಲಿನ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಮಿಲ್‌ನ ಹೆಸರು ಇರುತ್ತದೆ. ಅದನ್ನು ಸ್ಕ್ಯಾನ್ ಮಾಡಿ ಪರ್ಚೇಸ್ ಎಂಟ್ರಿಗೆ ಅಂಟಿಸಿ, ಬ್ಯಾಚ್ ನಂಬರ್‌ಗೆ ಹೊಂದಿಸಿ. ಸ್ಕ್ರ್ಯಾಪ್ ಕರಗಿಸಿ ಮಾಡಿದ ಉಕ್ಕಿಗೆ ಅದಿರಿನಿಂದ ಮಾಡಿದ್ದಕ್ಕಿಂತ ಕಾರ್ಬನ್ ಬಹಳ ಕಡಿಮೆ. ಅಲ್ಯೂಮಿನಿಯಂನಲ್ಲಂತೂ ಮರುಬಳಕೆಯ ಲೋಹಕ್ಕೆ ಹೊಸದಕ್ಕೆ ಬೇಕಾದ ಶಕ್ತಿಯ 5 ಶೇಕಡಾದಷ್ಟು ಸಾಕು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಹಸಿರು ಉಕ್ಕಿಗೆ ಗಡಿ ಹಾಕಿದೆ: ಟನ್ನಿಗೆ 2.2 ಟನ್ ಕಾರ್ಬನ್‌ಗಿಂತ ಕಡಿಮೆ ಇದ್ದರೆ ಮಾತ್ರ ಆ ಹೆಸರು, ಕಡಿಮೆಯಾದಷ್ಟೂ ಸ್ಟಾರ್ ಜಾಸ್ತಿ. ನಿಮ್ಮ ಕೆಲಸಕ್ಕೆ ಗ್ರೇಡ್ ಹೊಂದುತ್ತದೆಯೇ ಅಂತ ನೋಡಿ, ಸಪ್ಲೈಯರ್‌ಗಳನ್ನು ಕೇಳಲು ಶುರುಮಾಡಿ. ಸಣ್ಣವರು ಕೇಳಿದರೆ ಏನಾಗುತ್ತದೆ ಅನ್ನಬೇಡಿ. ಹತ್ತು ಜನ ಕೇಳಿದರೆ ಸ್ಟಾಕಿಸ್ಟ್ ಆ ಮಾಲು ಇಡುತ್ತಾನೆ.

ಕರೆಂಟ್ ಎಲ್ಲಿ ಹೋಗುತ್ತಿದೆ

ಬೆಸ್ಕಾಂ ಮೀಟರ್ ಒಂದೇ ಅಂಕಿ ಕೊಡುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಕಂಪ್ರೆಸರ್‌ಗೆ, ದೊಡ್ಡ ಮಷಿನ್‌ಗಳಿಗೆ, ಫರ್ನೇಸ್ ಇದ್ದರೆ ಅದಕ್ಕೆ ಸಬ್ ಮೀಟರ್ ಹಾಕಿಸಿ, ದಿನಕ್ಕೆ ಒಂದು ಸಲ ರೀಡಿಂಗ್ ತೆಗೆದು ಸಾಫ್ಟ್‌ವೇರ್‌ನಲ್ಲಿ ಕಾಸ್ಟ್ ಸೆಂಟರ್ ಪ್ರಕಾರ ಹಾಕಿ. ಇಆರ್‌ಪಿನೆಕ್ಸ್ಟ್‌ನಲ್ಲಿ ವರ್ಕ್‌ಸ್ಟೇಷನ್ ಅನ್ನುವ ಕಡೆ ಪ್ರತಿ ಮಷಿನ್‌ಗೆ ಗಂಟೆಗೆ ಕರೆಂಟ್ ಖರ್ಚು ಎಷ್ಟು ಅಂತ ತುಂಬುವ ಖಾನೆ ಮೊದಲಿನಿಂದಲೂ ಇದೆ. ಹೆಚ್ಚಿನವರು ಅದನ್ನು ಖಾಲಿ ಬಿಟ್ಟಿರುತ್ತಾರೆ, ಇಲ್ಲವೇ ಅಂದಾಜಿನಲ್ಲಿ ಏನೋ ಹಾಕಿರುತ್ತಾರೆ. ಅಳೆದು ಹಾಕಿ.

ಭಾನುವಾರ ಬೆಳಗ್ಗೆ ಕಾರ್ಖಾನೆ ಮುಚ್ಚಿದ್ದಾಗ ಒಂದು ರೀಡಿಂಗ್, ಸೋಮವಾರ ಬೆಳಗ್ಗೆ ತೆರೆಯುವ ಮೊದಲು ಇನ್ನೊಂದು. ಈ ಎರಡರ ನಡುವಿನ ವ್ಯತ್ಯಾಸ ನಿಮಗೆ ಒಂದು ಪೀಸ್ ಕೂಡ ಕೊಡದೆ ಹೋದ ಕರೆಂಟ್. ಕಂಪ್ರೆಸರ್ ಆನ್ ಉಳಿದಿರಬಹುದು, ಆಫೀಸಿನ ಹಳೆಯ ಸರ್ವರ್ ಮತ್ತು ಅದರ ಎಸಿ ಇರಬಹುದು, ಮಷಿನ್‌ಗಳು ಸ್ಟ್ಯಾಂಡ್‌ಬೈನಲ್ಲಿ ನಿಂತಿರಬಹುದು.

ಕಂಪ್ರೆಸರ್ ಮೇಲೆ ನಾನು ಸ್ವಲ್ಪ ಜಾಸ್ತಿ ಒತ್ತು ಕೊಡುತ್ತೇನೆ. ಸರಿಯಾಗಿ ನೋಡಿಕೊಳ್ಳದ ಕಡೆ ಅದು ತಯಾರಿಸಿದ ಗಾಳಿಯಲ್ಲಿ 20ರಿಂದ 30 ಶೇಕಡಾ ಸೋರಿಯೇ ಹೋಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಮಷಿನ್ ನಿಂತಿರುವಾಗ ಕಂಪ್ರೆಸರ್ ಮತ್ತೆ ಮತ್ತೆ ಲೋಡ್ ತೆಗೆದುಕೊಳ್ಳುತ್ತಿದ್ದರೆ ಸೋರಿಕೆ ಇದೆ ಎಂದೇ ಅರ್ಥ. ಒತ್ತಡವನ್ನೂ ಬೇಕಾದ್ದಕ್ಕಿಂತ ಮೇಲೆ ಇಡುತ್ತಾರೆ, ಒಂದು ಬಾರ್ ಇಳಿಸಿದರೆ ಸುಮಾರು 6-7 ಶೇಕಡಾ ಕರೆಂಟ್ ಉಳಿಯುತ್ತದೆ. ಸಾಫ್ಟ್‌ವೇರ್‌ನ ಮೆಂಟೆನೆನ್ಸ್ ಭಾಗದಲ್ಲಿ ತಿಂಗಳಿಗೊಮ್ಮೆ ‘ಗಾಳಿ ಸೋರಿಕೆ ಪರೀಕ್ಷೆ’ ಅಂತ ಕೆಲಸ ತಾನಾಗಿ ಏಳುವ ಹಾಗೆ ಇಡಿ, ಯಾರು ಮಾಡಬೇಕು ಅನ್ನುವ ಹೆಸರಿನ ಜೊತೆ. ಸೋಪಿನ ನೀರು, ಒಂದು ಬ್ರಷ್, ಕೆಲವು ಹೊಸ ಕನೆಕ್ಟರ್. ಇದಕ್ಕಿಂತ ಅಗ್ಗದ ಹವಾಮಾನ ಕೆಲಸ ಕಾರ್ಖಾನೆಯಲ್ಲಿ ನನಗೆ ಗೊತ್ತಿಲ್ಲ.

ಒಂದು ಗೊಂದಲ ತೀರಿಸಿಬಿಡುತ್ತೇನೆ. ಪವರ್ ಫ್ಯಾಕ್ಟರ್ ಸರಿಮಾಡಿದರೆ ಬಿಲ್ ಇಳಿಯುತ್ತದೆ, ದಂಡ ತಪ್ಪುತ್ತದೆ, ಖಂಡಿತ ಮಾಡಿ. ಆದರೆ ನಿಮ್ಮ ಯೂನಿಟ್ ಹೆಚ್ಚೇನೂ ಇಳಿಯುವುದಿಲ್ಲ, ಕಾರ್ಬನ್ ಲೆಕ್ಕದಲ್ಲಿ ಅದನ್ನು ದೊಡ್ಡ ಉಳಿತಾಯ ಅಂತ ಬರೆಯಬೇಡಿ.

ಇ-ವೇ ಬಿಲ್‌ನಲ್ಲಿ ಕಿಲೋಮೀಟರ್ ಇದೆ

ಸಾಗಣೆಯ ಲೆಕ್ಕಕ್ಕೆ ಎಲ್ಲಿಂದ ಶುರುಮಾಡಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ. 50,000 ರೂಪಾಯಿ ಮೇಲಿನ ಮಾಲಿಗೆ ನೀವು ಮಾಡುವ ಇ-ವೇ ಬಿಲ್‌ನಲ್ಲಿ ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಯಾವ ಗಾಡಿ, ಯಾವ ಮಾಲು ಎಷ್ಟು ಅನ್ನುವುದೆಲ್ಲ ಇದೆ. ಜಿಎಸ್‌ಟಿ ಕಾಲದ ಇ-ವೇ ಬಿಲ್ ದೇಶದಲ್ಲೇ ಮೊದಲು ಶುರುವಾದದ್ದು ಕರ್ನಾಟಕದಲ್ಲಿ, 2017ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನೀವು ತೆರಿಗೆಗಾಗಿ ತುಂಬಿದ ಮಾಹಿತಿ ಈಗ ಇನ್ನೊಂದು ಕೆಲಸಕ್ಕೆ ಬರುತ್ತದೆ.

ತಿಂಗಳ ಇ-ವೇ ಬಿಲ್‌ಗಳನ್ನು ಎಕ್ಸೆಲ್‌ಗೆ ಇಳಿಸಿ, ಊರಿನ ಪ್ರಕಾರ ಜೋಡಿಸಿ. ನಿಮ್ಮದೇ ಗಾಡಿಯಾದರೆ ಲೆಕ್ಕ ಇನ್ನೂ ಸುಲಭ: ಲೀಟರಿಗೆ 15 ಕಿಲೋಮೀಟರ್ ಕೊಡುವ ಸಣ್ಣ ಟೆಂಪೋ ಪ್ರತಿ ಕಿಲೋಮೀಟರ್‌ಗೆ ಸುಮಾರು 180 ಗ್ರಾಂ ಕಾರ್ಬನ್ ಬಿಡುತ್ತದೆ. ಆದರೆ ಇ-ವೇ ಬಿಲ್‌ನಲ್ಲಿರುವುದು ಹೋಗುವ ದೂರ ಮಾತ್ರ. ಖಾಲಿ ವಾಪಸ್ ಬಂದದ್ದನ್ನು ನೀವೇ ಸೇರಿಸಿಕೊಳ್ಳಬೇಕು. ನಿಮ್ಮದೇ ಗಾಡಿಯ ಡೀಸೆಲ್ ಸ್ಕೋಪ್ 1ರಲ್ಲಿ ಆಗಲೇ ಬಂದಿರುತ್ತದೆ, ಅದನ್ನು ಇಲ್ಲಿ ಮತ್ತೆ ಕೂಡಬೇಡಿ.

ಪಟ್ಟಿ ನೋಡಿದರೆ ಒಂದೇ ವಾರದಲ್ಲಿ ಅದೇ ಗಿರಾಕಿಗೆ ಅರ್ಧ ಲೋಡಿನಲ್ಲಿ ಎಷ್ಟು ಸಲ ಹೋಗಿದ್ದೀರಿ ಅನ್ನುವುದು ಎದ್ದು ಕಾಣುತ್ತದೆ. ಪ್ಲೇಟಿಂಗ್‌ಗೆ ಮಾಲು ಇಳಿಸಿ ಖಾಲಿ ಬಂದು, ಮರುದಿನ ರೆಡಿ ಆದದ್ದನ್ನು ತರಲು ಖಾಲಿ ಹೋದ ಓಡಾಟಗಳು ಜಾಬ್ ವರ್ಕ್‌ನ ಡಿಸಿಗಳಲ್ಲಿ ಸಿಗುತ್ತವೆ. ಹೋಗುವ ದಿನವನ್ನೇ ತರುವ ದಿನವಾಗಿ ಮಾಡಿಕೊಳ್ಳಲು ಜಾಬ್ ವರ್ಕ್‌ನವರ ಜೊತೆ ಒಂದು ಮಾತು ಸಾಕು. ಇಆರ್‌ಪಿನೆಕ್ಸ್ಟ್‌ನ ಡೆಲಿವರಿ ಟ್ರಿಪ್‌ನಲ್ಲಿ ಒಂದು ಓಡಾಟಕ್ಕೆ ಹಲವು ಡೆಲಿವರಿ ಸೇರಿಸುವ ವ್ಯವಸ್ಥೆ ಇದೆ.

ಎಕ್ಸ್‌ಪೋರ್ಟ್ ಮಾಡುವವರು ವಿಮಾನದಲ್ಲಿ ಕಳಿಸಿದ್ದನ್ನು ಬೇರೆ ಲೆಡ್ಜರ್‌ನಲ್ಲಿ ಹಾಕಿ, ಕಾರಣವನ್ನೂ ಬರೆಯಿರಿ. ಅದೇ ಭಾರವನ್ನು ಅದೇ ದೂರಕ್ಕೆ ವಿಮಾನದಲ್ಲಿ ಕಳಿಸಿದರೆ ಹಡಗಿಗಿಂತ ಹತ್ತಾರು ಪಟ್ಟು ಕಾರ್ಬನ್. ಬಹಳ ಸಲ ಅದರ ಬೇರು ಪ್ಲಾನಿಂಗ್‌ನಲ್ಲಿ ಇರುತ್ತದೆ: ಕಚ್ಚಾ ಮಾಲು ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ, ತಡವಾಯಿತು, ಕೊನೆಗೆ ವಿಮಾನವೇ ಗತಿಯಾಯಿತು. ರೀಆರ್ಡರ್ ಲೆವೆಲ್ ಎಲ್ಲ ಸಾಫ್ಟ್‌ವೇರ್‌ನಲ್ಲೂ ಇದೆ, ಅದನ್ನು ತುಂಬಿಸಿಡಿ. ಹಾಗೆಯೇ ಸ್ಟಾಕ್ ಏಜಿಂಗ್ ವರದಿ ತೆಗೆದು ವರ್ಷದಿಂದ ಅಲುಗದ ಮಾಲು ಯಾವುದು ನೋಡಿ, ಅದನ್ನು ಮತ್ತೆ ಕೊಳ್ಳುವುದಂತೂ ನಿಲ್ಲಲಿ.

ತಿಂಗಳಿಗೊಂದು ಪುಟ, ಒಂದು ಮೀಟಿಂಗ್

ಒಟ್ಟು ಕಾರ್ಬನ್ ನೋಡಿ ಖುಷಿಪಡಬೇಡಿ, ಬೇಜಾರೂ ಮಾಡಿಕೊಳ್ಳಬೇಡಿ. ಆರ್ಡರ್ ಕಡಿಮೆಯಾದರೆ ಅದು ತಾನೇ ಇಳಿಯುತ್ತದೆ. ನೋಡಬೇಕಾದದ್ದು ಗಿರಾಕಿಗೆ ಹೋದ ಒಂದು ಕಿಲೋ ಒಳ್ಳೆಯ ಮಾಲಿಗೆ ಎಷ್ಟು ಯೂನಿಟ್, ಎಷ್ಟು ಕಿಲೋ ಕಚ್ಚಾ ಮಾಲು, ಎಷ್ಟು ಲೀಟರ್. ಈ ಮೂರು ಅಂಕಿ ತಿಂಗಳಿಗೊಮ್ಮೆ ಒಂದು ಪುಟದಲ್ಲಿ ಬರಲಿ, ಹಿಂದಿನ ವರ್ಷದ ಅದೇ ತಿಂಗಳಿನ ಜೊತೆ.

ಆ ಪುಟವನ್ನು ಮಾಲೀಕರು, ಅಕೌಂಟೆಂಟ್, ಸೂಪರ್‌ವೈಸರ್, ಸ್ಟೋರ್ ನೋಡಿಕೊಳ್ಳುವವರು ಒಟ್ಟಿಗೆ ಕೂತು ನೋಡಬೇಕು. ಅಕೌಂಟೆಂಟ್ ಒಬ್ಬರೇ ನೋಡಿದರೆ ಅಂಕಿ ಅಂಕಿಯಾಗೇ ಉಳಿಯುತ್ತದೆ. ಮಷಿನ್ ಮುಂದೆ ನಿಲ್ಲುವವರಿಗೆ ಗೊತ್ತಿರುವ ಕಾರಣ ಯಾವ ಸಾಫ್ಟ್‌ವೇರ್‌ಗೂ ಗೊತ್ತಿರುವುದಿಲ್ಲ, ದಯವಿಟ್ಟು ಅವರನ್ನು ಕರೆಯಿರಿ, ಅವರ ಮಾತು ಕೇಳಿ. ರಿಜೆಕ್ಷನ್ ಬರೆದದ್ದಕ್ಕೆ ಬೈಗುಳ ಸಿಗುತ್ತದೆ ಅಂತಾದರೆ ಮುಂದಿನ ತಿಂಗಳು ಯಾರೂ ಸರಿಯಾಗಿ ಬರೆಯುವುದಿಲ್ಲ. ಒಂದು ತಿಂಗಳಿಗೆ ಒಂದೇ ಕೆಲಸ ಆರಿಸಿ, ಯಾರು, ಯಾವ ದಿನದೊಳಗೆ ಅಂತ ಸಾಫ್ಟ್‌ವೇರ್‌ನಲ್ಲಿ ಟಾಸ್ಕ್ ಆಗಿ ಹಾಕಿ.

ಗಿರಾಕಿಯ ಫಾರ್ಮ್ ತುಂಬುವಾಗ

ಅಳೆದದ್ದನ್ನು ಅಳೆದದ್ದು ಅನ್ನಿ, ಅಂದಾಜನ್ನು ಅಂದಾಜು ಅನ್ನಿ. ಎರಡಕ್ಕೂ ಫಾರ್ಮ್‌ನಲ್ಲಿ ಸಾಮಾನ್ಯವಾಗಿ ಜಾಗ ಇರುತ್ತದೆ, ಇಲ್ಲದಿದ್ದರೆ ಪಕ್ಕದಲ್ಲಿ ಬರೆಯಿರಿ. ಪ್ರತಿ ಅಂಕಿಯ ಹಿಂದಿನ ಬಿಲ್ ವೋಚರ್‌ಗೆ ಅಂಟಿಕೊಂಡಿರಲಿ. ಯುರೋಪಿಗೆ ಕಳಿಸುವವರಿಗೆ ಇದು ದುಡ್ಡಿನ ಪ್ರಶ್ನೆ: ನಿಜವಾದ ಅಂಕಿ ಕೊಡದಿದ್ದರೆ ಅಲ್ಲಿನವರು ತಮ್ಮ ಸಿದ್ಧ ಅಂಕಿಯನ್ನು ಹಾಕಿಕೊಳ್ಳುತ್ತಾರೆ, ಅದು ಸಾಮಾನ್ಯವಾಗಿ ನಿಮಗೆ ನಷ್ಟವಾಗುವಷ್ಟು ಮೇಲೇ ಇರುತ್ತದೆ. ನಿಮ್ಮ ಆಮದುದಾರ ವರ್ಷಕ್ಕೆ ಈ ಬಗೆಯ ಮಾಲನ್ನು ಒಟ್ಟು 50 ಟನ್ ಒಳಗೆ ತರಿಸುತ್ತಿದ್ದರೆ ಅವರಿಗೆ ಸಿಬಿಎಎಂನಿಂದ ವಿನಾಯಿತಿ ಇದೆ. ಮೊದಲು ಅದನ್ನೇ ಕೇಳಿ ತಿಳಿದುಕೊಳ್ಳಿ.

ವೆಬ್‌ಸೈಟಿನಲ್ಲಿ ‘ಕಾರ್ಬನ್ ನ್ಯೂಟ್ರಲ್’, ‘ನೂರಕ್ಕೆ ನೂರು ಪರಿಸರಸ್ನೇಹಿ’ ಅಂತ ಹಾಕುವ ಮೊದಲು ಯೋಚಿಸಿ. ಇಂಥ ಹೇಳಿಕೆಗೆ ಆಧಾರ ತೋರಿಸಲೇಬೇಕು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ‘ಕಳೆದ ವರ್ಷಕ್ಕಿಂತ ಕಿಲೋ ಮಾಲಿಗೆ ಇಷ್ಟು ಯೂನಿಟ್ ಕಡಿಮೆ’ ಅನ್ನುವ ಒಂದು ಸಾಲು ಸಾಕು, ಕೊಳ್ಳುವವರು ಅದನ್ನು ಜಾಸ್ತಿ ನಂಬುತ್ತಾರೆ.

ದೊಡ್ಡ ಸಾಫ್ಟ್‌ವೇರ್ ಯಾವಾಗ ಬೇಕು?

ಎರಡು ಮೂರು ಊರುಗಳಲ್ಲಿ ಘಟಕ ಇದ್ದರೆ, ನೂರಾರು ಸಪ್ಲೈಯರ್ ಇದ್ದರೆ, ಪ್ರತಿ ಪಾರ್ಟಿನ ಕಾರ್ಬನ್ ಬೇರೆಬೇರೆಯಾಗಿ ಕೇಳುತ್ತಿದ್ದರೆ ಎಕ್ಸೆಲ್ ಸಾಕಾಗುವುದಿಲ್ಲ. ಎಸ್‌ಎಪಿ, ಮೈಕ್ರೋಸಾಫ್ಟ್‌ನಂಥ ಕಂಪನಿಗಳ ಬಳಿ ಇದಕ್ಕೆಂದೇ ಸಾಫ್ಟ್‌ವೇರ್ ಇದೆ. ಆದರೆ ಅವಕ್ಕೂ ಒಳಗೆ ಹಾಕಲು ಲೀಟರ್, ಯೂನಿಟ್, ಕಿಲೋ ಬೇಕೇ ಬೇಕು. ಆ ಅಭ್ಯಾಸ ಇಲ್ಲದೆ ಕೊಂಡರೆ ಲೈಸೆನ್ಸ್ ದುಡ್ಡು ದಂಡ. ಟ್ಯಾಲಿ ಸಾಲದು, ದೊಡ್ಡದಕ್ಕೆ ದುಡ್ಡಿಲ್ಲ ಅನ್ನುವವರಿಗೆ ಮುಂಬೈನ ಫ್ರಾಪ್ಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ. ಲೈಸೆನ್ಸ್ ಶುಲ್ಕ ಇಲ್ಲ, ಕೂರಿಸಿ ನಡೆಸುವವರಿಗೆ ಮಾತ್ರ ಕೊಡಬೇಕು.

ಯಾವ ವರ್ಷದಿಂದ ಹೋಲಿಸುವುದು

ಹೋಲಿಸಲು ಒಂದು ವರ್ಷ ಬೇಕು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇಟ್ಟುಕೊಂಡರೆ ನಿಮ್ಮ ಉಳಿದ ಲೆಕ್ಕದ ಜೊತೆ ಹೊಂದುತ್ತದೆ. ಈಗ ವರ್ಷದ ನಡುವೆ ಇದ್ದರೂ ಮುಂದಿನ ಏಪ್ರಿಲ್‌ಗೆ ಕಾಯಬೇಡಿ. ಕಳೆದ ವರ್ಷದ ಕರೆಂಟ್ ಬಿಲ್‌ಗಳು ಫೈಲಿನಲ್ಲಿವೆ, ಡೀಸೆಲ್ ಹಾಕಿಸುವ ಬಂಕಿನವರಿಂದ ಲೀಟರ್ ಸಮೇತ ಸ್ಟೇಟ್‌ಮೆಂಟ್ ತರಿಸಬಹುದು, ಉಕ್ಕಿನ ತೂಕ ಪರ್ಚೇಸ್ ರಿಜಿಸ್ಟರ್‌ನಲ್ಲಿ, ಸ್ಕ್ರ್ಯಾಪ್‌ನ ತೂಕ ಮಾರಾಟದ ಬಿಲ್‌ನಲ್ಲಿ ಸಿಗುತ್ತದೆ. ಬಿಲ್‌ಗಳು ಒಂದು ಕಡೆ ಇದ್ದರೆ ಇದು ಹೆಚ್ಚು ಹೊತ್ತು ಹಿಡಿಯುವ ಕೆಲಸವಲ್ಲ. ಮೊದಲು ಕರೆಂಟ್ ಬಿಲ್‌ಗಳನ್ನು ಆರ್‌ಆರ್ ನಂಬರ್ ಪ್ರಕಾರ ಬೇರ್ಪಡಿಸಿ, ಪ್ರತಿಯೊಂದರಲ್ಲೂ ಬಳಸಿದ ಅವಧಿ ಮತ್ತು ಯೂನಿಟ್ ಮೇಲೆ ಗುರುತು ಹಾಕಿ ಅಕೌಂಟೆಂಟ್ ಕೈಗೆ ಕೊಡಿ.